ಕನ್ನಡದ ಗೋಡೆ ನಕ್ಷೆ, 340 ರೂಪಾಯಿ: ಕೊಳ್ಳುವ ಮುಂಚೆ ತೆಲಂಗಾಣ ನೋಡಿ, ಲಡಾಖ್ ನೋಡಿ, ಯಾನಂ ನೋಡಿ

ಈ ವರ್ಷ ಶಾಲೆಗೆ ಅಂತ ಭಾರತದ ರಾಜಕೀಯ ನಕ್ಷೆ ಎರಡು ಸಲ ಕೊಂಡೆ. ಮೊದಲನೆಯದು ದುಡ್ಡು ದಂಡ. ಎರಡನೆಯದು ಚೆನ್ನಾಗಿದೆ, ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಯಾಕೆ ಅನ್ನೋದನ್ನ ಮುಂದೆ ಹೇಳುತ್ತೇನೆ. ನನ್ನ ಹಾಗೆ ಕೈಯಿಂದ ದುಡ್ಡು ಹಾಕಿ ನಕ್ಷೆ ತರುವ ಮೇಷ್ಟ್ರುಗಳು, ಮಿಸ್‌ಗಳು ಬೇಕಾದಷ್ಟು ಜನ ಇದ್ದೀರಿ. ನಿಮಗೆ ಅನುಕೂಲವಾಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಪಾವಗಡ ತಾಲ್ಲೂಕಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪಾವಗಡದ ಕಡೆ ಬಂದಿಲ್ಲದವರಿಗೆ ಒಂದು ಮಾತು: ನಮ್ಮದು ತುಮಕೂರು ಜಿಲ್ಲೆಯೇ, ಆದರೆ ಜಿಲ್ಲೆಯ ಉಳಿದ ಒಂಬತ್ತು ತಾಲ್ಲೂಕುಗಳಿಗೂ ನಮಗೂ ನಡುವೆ ಆಂಧ್ರ ಬಂದು ಕೂತಿದೆ. ಪಡುವಣಕ್ಕೆ ಮಾತ್ರ ಚಿತ್ರದುರ್ಗ ಜಿಲ್ಲೆ ಅಂಟಿಕೊಂಡಿದೆ, ಉಳಿದ ಮೂರು ದಿಕ್ಕಿಗೂ ಆಂಧ್ರವೇ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಬರುವ ಬಸ್ಸು ದಾರಿಯಲ್ಲಿ ಆಂಧ್ರದೊಳಕ್ಕೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಕಿಟಕಿಯಾಚೆ ಅಂಗಡಿ ಬೋರ್ಡುಗಳು ತೆಲುಗಾಗುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡವಾಗುತ್ತವೆ. ನನ್ನ ಮಕ್ಕಳಲ್ಲಿ ಬಹಳ ಜನ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಜ್ಜಿ ಮನೆ ಮಡಕಶಿರಾದಲ್ಲಿ, ಅತ್ತೆ ಮನೆ ಹಿಂದೂಪುರದಲ್ಲಿ. ಈ ಮಕ್ಕಳಿಗೆ ರಾಜ್ಯದ ಗಡಿ ಅಂದರೆ ಪುಸ್ತಕದ ಗೆರೆ ಅಲ್ಲ. ಹಬ್ಬಕ್ಕೆ ಹೋಗುವಾಗ ದಾಟುವ ಜಾಗ ಅದು. ಅದಕ್ಕೇ ನಕ್ಷೆ ಸರಿಯಾಗಿರಬೇಕು ಅನ್ನೋದು ನನ್ನ ಹಟ.

ಮೊದಲ ನಕ್ಷೆ ಕೊಂಡಿದ್ದು ತುಮಕೂರಿನ ಒಂದು ಸ್ಟೇಷನರಿ ಅಂಗಡಿಯಲ್ಲಿ. ಅಂಗಡಿಯ ಹೆಸರು ಬೇಡ. 220 ರೂಪಾಯಿ, ಲ್ಯಾಮಿನೇಷನ್, ಮೇಲೆ ಕೆಳಗೆ ಪ್ಲಾಸ್ಟಿಕ್ ಕೋಲು. ಕೆಳಗಿನ ಮೂಲೆಯಲ್ಲಿ ‘ಪರಿಷ್ಕೃತ ಆವೃತ್ತಿ 2023’ ಅಂತ ಪುಟ್ಟ ಬಿಳಿ ಚೀಟಿ. ಬಸ್ಸಿಗೆ ಹೊತ್ತಾಗಿತ್ತು, ಪೂರ್ತಿ ಬಿಚ್ಚಿ ನೋಡಲಿಲ್ಲ. ಅರ್ಧ ಸುರುಳಿ ಬಿಚ್ಚಿ ಮೂಲೆಯ ಪಟ್ಟಿ ನೋಡಿದೆ. ‘ರಾಜ್ಯಗಳು 28’ ಅಂತಿತ್ತು. ಸರಿಯಾಗೇ ಇದೆಯಲ್ಲ ಅಂತ ಕಟ್ಟಿಸಿಕೊಂಡು ಹೊರಟೆ.

ಮಾರನೆಯ ದಿನ ಗೋಡೆಗೆ ಹಾಕಿ ಐದು ನಿಮಿಷವೂ ಆಗಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ, ಅವಳ ಅಣ್ಣ ಹೈದರಾಬಾದಿಗೆ ಲಾರಿ ಓಡಿಸುತ್ತಾನೆ, ಎದ್ದು ನಿಂತು, “ಮಿಸ್, ತೆಲಂಗಾಣ ಎಲ್ಲೈತೆ?” ಅಂದಳು. ಇರಲೇ ಇಲ್ಲ. ಶ್ರೀಕಾಕುಳಂನಿಂದ ಆದಿಲಾಬಾದ್‌ವರೆಗೆ ಒಂದೇ ಹಳದಿ ಬಣ್ಣ, ನಡುವೆ ಆಂಧ್ರಪ್ರದೇಶ ಅಂತ ದಪ್ಪ ಅಕ್ಷರ. ಮೇಲಕ್ಕೆ ನೋಡಿದರೆ ಜಮ್ಮು ಮತ್ತು ಕಾಶ್ಮೀರ, ಲಡಾಖ್ ಸೇರಿ ಒಂದೇ ಗುಲಾಬಿ ಬಣ್ಣ. ಪಡುವಣ ಕರಾವಳಿಯಲ್ಲಿ ದಾದ್ರಾ ಮತ್ತು ನಗರ್ ಹವೇಲಿ ಒಂದು, ದಮನ್ ಮತ್ತು ದಿಯು ಇನ್ನೊಂದು. ಬಿಡುವಿನ ವೇಳೆಯಲ್ಲಿ ಆ ಬಿಳಿ ಚೀಟಿಯನ್ನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ನೀಲಿ ಅಕ್ಷರದಲ್ಲಿ 2012.

ರಾಜ್ಯಗಳ ಎಣಿಕೆ ನೋಡಿ ಹೇಗೆ ಮೋಸ ಹೋದೆ ಅನ್ನೋದನ್ನ ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಹೋಗಬಹುದು. 2012ರಲ್ಲಿ 28 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ. 2014ರ ಜೂನ್ 2ಕ್ಕೆ ತೆಲಂಗಾಣ ಹುಟ್ಟಿ 29 ಆಯಿತು. 2019ರ ಅಕ್ಟೋಬರ್ 31ಕ್ಕೆ ಜಮ್ಮು ಮತ್ತು ಕಾಶ್ಮೀರ ರಾಜ್ಯದ ಪಟ್ಟಿಯಿಂದ ಹೋಗಿ ಮತ್ತೆ 28. ಅದೇ ದಿನ ಜಮ್ಮು-ಕಾಶ್ಮೀರ, ಲಡಾಖ್ ಎರಡು ಕೇಂದ್ರಾಡಳಿತ ಪ್ರದೇಶಗಳಾಗಿ 7 ಇದ್ದದ್ದು 9 ಆಯಿತು. 2020ರ ಜನವರಿ 26ಕ್ಕೆ ದಾದ್ರಾ, ದಮನ್ ಎರಡೂ ಒಂದಾಗಿ 8. ಹಾಗಾಗಿ ಹಳೆಯ ನಕ್ಷೆಯಲ್ಲೂ 28, ಹೊಸದರಲ್ಲೂ 28. ಅಂಗಡಿಯಲ್ಲಿ ನಿಂತು ರಾಜ್ಯ ಎಣಿಸಬೇಡಿ, ಕೇಂದ್ರಾಡಳಿತ ಪ್ರದೇಶ ಎಣಿಸಿ. ಎಂಟು ಇದ್ದರೆ ಮಾತ್ರ ಜೇಬಿಗೆ ಕೈ ಹಾಕಿ.

ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ ತೆಗೆದುಕೊಂಡು ಹೋದೆ. ಹತ್ತಿರ ಹತ್ತಿರ ನೂರು ಕಿಲೋಮೀಟರ್. ಅಂಗಡಿಯವರು ದುಡ್ಡು ಕೊಡಲಿಲ್ಲ, ಬದಲಿಯೂ ಕೊಡಲಿಲ್ಲ. ಚೀಟಿ ಕಿತ್ತಿದ್ದೀರಿ ಅಂತ ನನ್ನ ಮೇಲೇ ತಪ್ಪು ಹೊರಿಸಿದರು. ಆಮೇಲೆ ಒಂದು ಮಾತು ಹೇಳಿದರು: “ಭಾರತ ಅದೇ ಅಲ್ವಾ ಮೇಡಂ, ದೇಶ ಎಲ್ಲಿಗೆ ಹೋಗುತ್ತೆ?”

ಅಂಗಡಿಯಲ್ಲಿ ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಆ ಮಾತಿನ ಅರ್ಧ ನಮ್ಮ ಸಂವಿಧಾನದ ಮೊದಲ ಭಾಗವೇ ಅನ್ನಿಸಿತು. ದೇಶ ಎಲ್ಲಿಗೂ ಹೋಗುವುದಿಲ್ಲ, ದೇಶದಿಂದ ಯಾವ ರಾಜ್ಯವೂ ಎದ್ದು ಹೋಗುವಂತಿಲ್ಲ. ಇದು ನಿಜ. ಆದರೆ ಒಳಗಿನ ಗೆರೆಗಳು ಯಾವತ್ತೂ ಒಂದೇ ಕಡೆ ನಿಂತಿಲ್ಲ. ಸಂವಿಧಾನವೇ ಅವನ್ನು ನಿಲ್ಲುವಂತೆ ಬರೆದಿಲ್ಲ. ಹನ್ನೊಂದು ವರ್ಷ ಹಳೆಯ ನಕ್ಷೆಯ ಮೇಲೆ ಹೊಸ ಚೀಟಿ ಅಂಟಿಸಿ ಮಾರುವುದು ಆ ಇನ್ನರ್ಧವನ್ನು ಮಕ್ಕಳಿಂದ ಮುಚ್ಚಿಟ್ಟ ಹಾಗೆ.

ಅವತ್ತೇ ಬಸ್ಸು ಹತ್ತುವ ಮುಂಚೆ ಚರ್ಚ್ ಸರ್ಕಲ್ ಕಡೆಯ ಇನ್ನೊಂದು ಅಂಗಡಿಗೆ ಹೋಗಿದ್ದೆ. ಇಕ್ಕಟ್ಟಾದ ಜಾಗ, ಗೋಡೆ ತುಂಬ ಸುರುಳಿಗಳು. ವಯಸ್ಸಾದ ಅಂಗಡಿಯವರು ನಾನು ಕೇಳುವ ಮುಂಚೆಯೇ ಗಲ್ಲಾಪೆಟ್ಟಿಗೆಯ ಮೇಜಿನ ಮೇಲಿನ ನೋಟ್‌ಪುಸ್ತಕಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನಕ್ಷೆ ಪೂರ್ತಿ ಬಿಚ್ಚಿ, ನಾಲ್ಕು ಮೂಲೆಗೂ ಗಮ್ ಡಬ್ಬಿ ಇಟ್ಟು, “ನಿಧಾನಕ್ಕೆ ನೋಡ್ಕಳಮ್ಮ” ಅಂದರು. ಕಾಲು ಗಂಟೆ ನೋಡಿದೆ. ಬೇರೆ ಗಿರಾಕಿಗಳು ಬಂದರೂ ಸುತ್ತಿಡಲಿಲ್ಲ. ಈ ಒಂದು ನಡವಳಿಕೆಗೇ ಅವರಿಗೆ ಪೂರ್ತಿ ಅಂಕ.

ನಕ್ಷೆ ಸುಮಾರು ಮೂರೂವರೆ ಅಡಿ ಎತ್ತರ, ಹಿಂದೆ ಬಟ್ಟೆ ಅಂಟಿಸಿದ್ದು, ಮರದ ಕೋಲು. ಎಂಟು ಕೇಂದ್ರಾಡಳಿತ ಪ್ರದೇಶಗಳೂ ಇವೆ. ತೆಲಂಗಾಣಕ್ಕೆ ತಿಳಿ ಹಸಿರು. ಲಡಾಖ್ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ದಾದ್ರಾ-ದಮನ್‌ಗೆ ಒಂದೇ ಹೆಸರು, ಒಂದೇ ಬಣ್ಣ. ಹೊರಗಿನ ಗಡಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯಂತೆಯೇ ಇದೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಆ ಇಲಾಖೆಯ ನಕ್ಷೆಗೆ ಹೊಂದದ ಹಾಗೆ ದೇಶದ ನಕ್ಷೆ ಅಚ್ಚು ಹಾಕಿದರೆ 1961ರ ಕಾಯ್ದೆ ಪ್ರಕಾರ ಆರು ತಿಂಗಳವರೆಗೆ ಸಜೆಯಾಗಬಹುದು. ಅಕ್ಷರ ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ. ತ್ರಿಪುರ, ಮಿಜೋರಾಂ ಕಡೆ ಮಾತ್ರ ಹೆಸರುಗಳು ಒಂದರ ಮೇಲೊಂದು ಬಿದ್ದಿವೆ.

ಇನ್ನು ಈ ನಕ್ಷೆ ನಮ್ಮ ತರಗತಿಯಲ್ಲಿ ಏನು ಮಾಡಿತು ಅನ್ನೋದು. ಮೊದಲನೆಯ ದಿನವೇ ಮಕ್ಕಳು ಕರ್ನಾಟಕದ ಮೂಡಣ ಅಂಚಿನಲ್ಲಿ ಪಾವಗಡ ಹುಡುಕಿದರು. ಆಂಧ್ರದ ಬಣ್ಣದೊಳಕ್ಕೆ ಚಾಚಿಕೊಂಡಿರುವ ಒಂದು ಸಣ್ಣ ಗಂಟು. ಒಬ್ಬ ಹುಡುಗ ಅದರ ಸುತ್ತ ಬೆರಳಾಡಿಸಿ, “ನಮ್ಮನ್ನ ಆಂಧ್ರಕ್ಕೆ ಸೇರಿಸಬೋದಾ ಮಿಸ್? ಯಾರು ಸೇರಿಸ್ತಾರೆ?” ಅಂದ. ಇನ್ನೊಬ್ಬಳು ಸುಮ್ಮನಿರದೆ, “ನಾವು ಒಪ್ಪದಿದ್ರೆ?” ಅಂದಳು.

ಹತ್ತನೆಯ ತರಗತಿಯ ಪಾಠದಲ್ಲಿ ಈ ಪ್ರಶ್ನೆಗೆ ಇಷ್ಟು ನೇರ ಉತ್ತರವಿಲ್ಲ. ಅವತ್ತು ಪುಸ್ತಕ ಮುಚ್ಚಿ ನಕ್ಷೆಯ ಮುಂದೆ ನಿಂತು ಹೇಳಿದೆ. ಸೇರಿಸಬಹುದು. ಸೇರಿಸುವುದು ಸಂಸತ್ತು. ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಐದು ಕೆಲಸ ಮಾಡುವ ಅಧಿಕಾರ ಕೊಟ್ಟಿದೆ: ಹೊಸ ರಾಜ್ಯ ಮಾಡುವುದು, ಇರುವ ರಾಜ್ಯದ ಜಾಗ ಹೆಚ್ಚಿಸುವುದು, ಕಡಿಮೆ ಮಾಡುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು. ಮಸೂದೆ ತರಬೇಕಾದರೆ ರಾಷ್ಟ್ರಪತಿಗಳ ಶಿಫಾರಸು ಬೇಕು. ರಾಷ್ಟ್ರಪತಿಗಳು ಅದನ್ನು ಸಂಬಂಧಪಟ್ಟ ರಾಜ್ಯದ ವಿಧಾನಮಂಡಲಕ್ಕೆ ಕಳಿಸಿ, ಇಂತಿಷ್ಟು ದಿನದಲ್ಲಿ ಅಭಿಪ್ರಾಯ ಹೇಳಿ ಅನ್ನಬೇಕು. ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಸಂಸತ್ತಿನಲ್ಲಿ ಸಾಮಾನ್ಯ ಬಹುಮತ ಸಾಕು. ಹಾಗೆ ಮಾಡಿದ ಕಾನೂನನ್ನು ಸಂವಿಧಾನ ತಿದ್ದುಪಡಿ ಅಂತ ಎಣಿಸಬೇಕಿಲ್ಲ ಅಂತ 4ನೇ ವಿಧಿ ಹೇಳುತ್ತದೆ.

“ಒಪ್ಪದಿದ್ರೆ?” ಅಂದವಳಿಗೆ ತೆಲಂಗಾಣದ ಹಸಿರು ಬಣ್ಣ ತೋರಿಸಿದೆ. 2014ರ ಜನವರಿ 30ರಂದು ಆಂಧ್ರಪ್ರದೇಶದ ವಿಧಾನಸಭೆ ಆ ಮಸೂದೆಯನ್ನು ಧ್ವನಿಮತದಿಂದ ತಿರಸ್ಕರಿಸಿತ್ತು. ಫೆಬ್ರವರಿ 18ಕ್ಕೆ ಲೋಕಸಭೆ, 20ಕ್ಕೆ ರಾಜ್ಯಸಭೆ ಪಾಸು ಮಾಡಿದವು, ಜೂನ್ 2ಕ್ಕೆ ರಾಜ್ಯ ಹುಟ್ಟಿತು. ಅಮೆರಿಕದಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಒಂದು ರಾಜ್ಯದ ಜಾಗದಲ್ಲಿ ಹೊಸ ರಾಜ್ಯ ಮಾಡಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ನಮ್ಮಲ್ಲಿ ಹಾಗಿಲ್ಲದಿರುವುದು ಸರಿಯೇ ಅಂತ ಮಕ್ಕಳು ಕೇಳಿದರೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಗಡಿಯಲ್ಲಿ ಬದುಕುವವರ ಮಾತಿಗೆ ಇನ್ನಷ್ಟು ತೂಕ ಇರಬೇಕಿತ್ತು ಅಂತಲೇ ನನಗನ್ನಿಸುತ್ತದೆ. ಆದರೆ ಆ ಅಧಿಕಾರ ಇಲ್ಲದಿದ್ದರೆ ಕರ್ನಾಟಕವೇ ಇರುತ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ, ಅಂದರೆ ಹಳೆಯ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ, ಇವೆಲ್ಲ 1956ರ ನವೆಂಬರ್ 1ಕ್ಕೆ ಒಂದಾದದ್ದು ಇದೇ ದಾರಿಯಲ್ಲಿ. 1973ರ ನವೆಂಬರ್ 1ಕ್ಕೆ ಮೈಸೂರು ಹೋಗಿ ಕರ್ನಾಟಕ ಅಂತ ಹೆಸರಾದದ್ದೂ ಹೀಗೆಯೇ.

ನಮಗೆ ಹತ್ತಿರದ್ದು ಅಂದರೆ ಬಳ್ಳಾರಿಯ ಕಥೆ. ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಉಪವಾಸದಲ್ಲೇ ಪ್ರಾಣ ಬಿಟ್ಟರು. 1953ರ ಅಕ್ಟೋಬರ್ 1ಕ್ಕೆ ಮದ್ರಾಸಿನಿಂದ ಆಂಧ್ರ ಬೇರೆಯಾಯಿತು. ಆಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಎರಡು ವರ್ಷ ಬಿಟ್ಟು, ರಾಜ್ಯಗಳ ಗಡಿ ಹೊಸದಾಗಿ ಹೇಗಿರಬೇಕು ಅಂತ ಹೇಳಲು ಕೇಂದ್ರ ನೇಮಿಸಿದ್ದ ಫಜಲ್ ಅಲಿ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಿ ಅಂತ ಶಿಫಾರಸು ಮಾಡಿತು. ಸಂಸತ್ತು ಕೊಡಲಿಲ್ಲ. ರಾಯದುರ್ಗ ನಮ್ಮ ಮಕ್ಕಳಿಗೆ ಕೇಳಿ ಗೊತ್ತಿರುವ ಊರು. ಅದು ಒಂದು ಕಾಲಕ್ಕೆ ಬಳ್ಳಾರಿಯ ತಾಲ್ಲೂಕು ಅಂದಾಗ ಇಡೀ ತರಗತಿ ಎದ್ದು ಬಂದು ನಕ್ಷೆಯ ಮುಂದೆ ಮುತ್ತಿಕೊಂಡಿತು. ಬಟ್ಟೆ ಅಂಟಿಸಿದ ನಕ್ಷೆಯಾದ್ದರಿಂದ ಅಷ್ಟು ಕೈ ಬಿದ್ದರೂ ಹರಿಯಲಿಲ್ಲ.

ಅದಾದ ಮೇಲೆ ಬಂದದ್ದು ದೊಡ್ಡ ಪ್ರಶ್ನೆ. “ಹಂಗಾದ್ರೆ ಒಂದು ರಾಜ್ಯ ದೇಶಾನೇ ಬಿಟ್ಟು ಹೋಗಬೋದಾ?”

ಸೇರಲು ದಾರಿ ಇದೆ, ಬಿಡಲು ದಾರಿ ಇಲ್ಲ ಅಂದೆ. ಸೇರಲು 2ನೇ ವಿಧಿ: ಹೊಸ ರಾಜ್ಯಗಳನ್ನು ಒಕ್ಕೂಟದೊಳಕ್ಕೆ ಸಂಸತ್ತು ಬರಮಾಡಿಕೊಳ್ಳಬಹುದು. ನಕ್ಷೆಯಲ್ಲಿ ಸಿಕ್ಕಿಂ ಮೇಲೆ ಕೋಲು ಇಟ್ಟೆ. 1974ರಲ್ಲಿ ಸಹ ರಾಜ್ಯ, 1975ರ ಏಪ್ರಿಲ್‌ನಲ್ಲಿ ಅಲ್ಲಿ ಜನಮತ, ಮೇ 16ಕ್ಕೆ 22ನೇ ರಾಜ್ಯ. ಅದಕ್ಕೆ 36ನೇ ತಿದ್ದುಪಡಿಯೇ ಬೇಕಾಯಿತು. ಪುದುಚೇರಿ ಇನ್ನೊಂದು ಬಗೆ. ಫ್ರೆಂಚರು 1954ರ ನವೆಂಬರ್ 1ಕ್ಕೆ ಆಡಳಿತ ಬಿಟ್ಟುಕೊಟ್ಟರು, ಕಾನೂನು ಪ್ರಕಾರ ಭಾರತದ್ದಾಗಲು 1962ರ ಆಗಸ್ಟ್ 16 ಬರಬೇಕಾಯಿತು.

ಬಿಡುವುದರ ಬಗ್ಗೆ ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುವಾಗಲೇ ಹೇಳಿಬಿಟ್ಟಿದ್ದಾರೆ. ಒಕ್ಕೂಟ ಅನ್ನುವ ಪದ ಬೇಕೆಂದೇ ಆರಿಸಿಕೊಂಡದ್ದು. ಇದು ರಾಜ್ಯಗಳು ಕೂತು ಮಾಡಿಕೊಂಡ ಒಪ್ಪಂದದಿಂದ ಆದದ್ದಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ. ಈ ಮಾತನ್ನು ಸ್ಥಾಪಿಸಲು ಅಮೆರಿಕ ಅಂತರ್ಯುದ್ಧವನ್ನೇ ಮಾಡಬೇಕಾಯಿತು, ನಾವು ಮೊದಲಿಗೇ ಸ್ಪಷ್ಟ ಮಾಡಿಬಿಡೋಣ ಅನ್ನೋದು ಅವರ ವಾದ. ಆಮೇಲೆ 1963ರಲ್ಲಿ 16ನೇ ತಿದ್ದುಪಡಿ ಬಂದು, ಚುನಾವಣೆಗೆ ನಿಲ್ಲುವವರು ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುತ್ತೇನೆ ಅಂತ ಪ್ರಮಾಣ ಮಾಡಬೇಕಾಯಿತು. ದ್ರಾವಿಡನಾಡು ಅಂತ ದಕ್ಷಿಣಕ್ಕೆ ಬೇರೆ ದೇಶವನ್ನೇ ಕೇಳುತ್ತಿದ್ದ ತಮಿಳುನಾಡಿನ ಡಿಎಂಕೆ ಪಕ್ಷ ಆ ವರ್ಷವೇ ಆ ಬೇಡಿಕೆ ಕೈಬಿಟ್ಟಿತು.

ಕೇಂದ್ರ ಸರ್ಕಾರವೂ ತನಗೆ ತೋಚಿದ ಹಾಗೆ ನೆಲ ಬಿಟ್ಟುಕೊಡುವಂತಿಲ್ಲ. ಪಶ್ಚಿಮ ಬಂಗಾಳದ ಬೆರುಬಾರಿ ಅನ್ನೋ ಜಾಗದ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ವಿಷಯದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಭಾರತದ ನೆಲ ಬೇರೆ ದೇಶಕ್ಕೆ ಕೊಡಬೇಕಾದರೆ 3ನೇ ವಿಧಿ ಸಾಲದು, ಸಂವಿಧಾನವನ್ನೇ ತಿದ್ದಬೇಕು. ಅದಕ್ಕೇ ಬಾಂಗ್ಲಾದೇಶದ ಜೊತೆ ಗಡಿತುಣುಕುಗಳನ್ನು ಅದಲುಬದಲು ಮಾಡಿಕೊಳ್ಳಲು 2015ರಲ್ಲಿ 100ನೇ ತಿದ್ದುಪಡಿ ಬಂದದ್ದು. ಜುಲೈ 31ರ ಮಧ್ಯರಾತ್ರಿ ನಮ್ಮ 111 ತುಣುಕು ಅವರಿಗೆ, ಅವರ 51 ನಮಗೆ. ಅಲ್ಲಿ ಒಂದು ಕಡೆ ಭಾರತದ ಹೊಲ ಬಾಂಗ್ಲಾದೇಶದ ಊರಿನೊಳಗೆ, ಆ ಊರು ಭಾರತದ ಹಳ್ಳಿಯೊಳಗೆ, ಆ ಹಳ್ಳಿ ಬಾಂಗ್ಲಾದೇಶದೊಳಗೆ ಇತ್ತು. ಇದನ್ನು ಕಪ್ಪು ಹಲಗೆಯ ಮೇಲೆ ಒಂದರೊಳಗೊಂದು ಸುತ್ತು ಹಾಕಿ ತೋರಿಸಿದೆ. ಪಾವಗಡದ ಮಕ್ಕಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಒಬ್ಬ ಹುಡುಗ, “ಅವ್ರು ಬಸ್ಸಿಗೆ ಎಲ್ಲಿ ಹೋಗ್ತಿದ್ರು ಮಿಸ್?” ಅಂದ. ಹೋಗಲು ಬಸ್ಸೂ ಇರಲಿಲ್ಲ, ಕರೆಂಟೂ ಇರಲಿಲ್ಲ, ಗುರುತಿನ ಚೀಟಿಯೂ ಇರಲಿಲ್ಲ ಅಂದಾಗ ತರಗತಿ ಬಹಳ ಹೊತ್ತು ಸುಮ್ಮನಾಯಿತು.

ಅದೇ ಅಂಗಡಿಯಲ್ಲಿ ಪ್ರಪಂಚದ ನಕ್ಷೆಯನ್ನೂ ಕೊಂಡಿದ್ದೆ, ಅದೂ 340. ದಕ್ಷಿಣ ಸುಡಾನ್ ಇದೆ, ಅಂದರೆ 2011ರ ಈಚಿನದು. ಬಿಟ್ಟುಹೋಗುವ ದಾರಿಯನ್ನು ಸಂವಿಧಾನದಲ್ಲೇ ಬರೆದುಕೊಂಡ ದೇಶಗಳನ್ನು ಅದರ ಮೇಲೆ ತೋರಿಸಿದೆ. ಇಥಿಯೋಪಿಯಾದ 1995ರ ಸಂವಿಧಾನದ 39ನೇ ವಿಧಿಯಲ್ಲಿ ಆ ಹಕ್ಕಿದೆ, ಪ್ರಾದೇಶಿಕ ಶಾಸನಸಭೆಯ ಮೂರನೇ ಎರಡು ಭಾಗ ಒಪ್ಪಬೇಕು, ಆಮೇಲೆ ಜನಮತ. ವೆಸ್ಟ್ ಇಂಡೀಸ್ ಕಡೆ ನೆವಿಸ್ ಅನ್ನೋ ಪುಟ್ಟ ದ್ವೀಪ 1998ರಲ್ಲಿ ಸೇಂಟ್ ಕಿಟ್ಸ್ ಬಿಡಲು ಮತ ಹಾಕಿತು. ಸುಮಾರು 62 ಶೇಕಡಾ ಜನ ಬಿಡೋಣ ಅಂದರು. ಮೂರನೇ ಎರಡು ಬೇಕಿತ್ತು, ಉಳಿದುಕೊಂಡಿತು. ಕೆನಡಾದ ಸಂವಿಧಾನದಲ್ಲಿ ಅಂಥ ದಾರಿ ಬರೆದಿಲ್ಲ, ಆದರೂ ಅಲ್ಲಿನ ಕ್ವಿಬೆಕ್ ಪ್ರಾಂತ್ಯ 1995ರ ಜನಮತದಲ್ಲಿ ಕೂದಲೆಳೆಯಲ್ಲಿ ಉಳಿಯಿತು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಂದು ಪ್ರಾಂತ್ಯ ತಾನಾಗಿ ಎದ್ದು ಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಜನ ಸ್ಪಷ್ಟವಾಗಿ ಹೌದು ಅಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಅಂದಿತು. ನೆವಿಸ್ ಈ ನಕ್ಷೆಯಲ್ಲಿ ಚುಕ್ಕಿಯಾಗಿಯೂ ಇಲ್ಲ. ಆ ಅಳತೆಗೆ ಅದನ್ನು ದೂರುವುದಿಲ್ಲ.

ಭಾರತದ ನಕ್ಷೆಯ ಬಗ್ಗೆ ಒಂದು ದೂರಿದೆ, ಕಳೆದ ಅಂಕ ಅದಕ್ಕೇ. ಪುದುಚೇರಿ ಅಂದರೆ ನಾಲ್ಕು ತುಂಡು: ಪುದುಚೇರಿ ಮತ್ತು ಕಾರೈಕಲ್ ತಮಿಳುನಾಡಿನ ಬಳಿ, ಮಾಹೆ ಕೇರಳದ ಬಳಿ, ಯಾನಂ ಆಂಧ್ರದೊಳಗೆ. ಈ ನಕ್ಷೆಯಲ್ಲಿ ಮೂರಿವೆ, ಯಾನಂ ಇಲ್ಲ. ಬೇರೆ ಶಾಲೆಗೆ ಇದು ಸಣ್ಣ ತಪ್ಪು. ಆಂಧ್ರದ ನಡುವೆ ಇದ್ದೂ ಆಂಧ್ರದ್ದಲ್ಲದ ಊರು ಅಂದರೆ ಏನು ಅಂತ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುವ ಮಕ್ಕಳ ಮುಂದೆ ಅದೇ ಬಿಟ್ಟುಹೋಗಿದೆ. ಕಾಕಿನಾಡದ ಕೆಳಗೆ ಗೋದಾವರಿಯ ಬಳಿ ಪೆನ್ನಿನಿಂದ ಚುಕ್ಕಿ ಇಟ್ಟು ನಾನೇ ಹೆಸರು ಬರೆದಿದ್ದೇನೆ. ಲ್ಯಾಮಿನೇಷನ್ ಮೇಲೆ ಶಾಯಿ ನಿಲ್ಲುವುದಿಲ್ಲ, ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದರೆ ರಾಜಸ್ಥಾನದ ಕಡೆ ಹೊಳಪು ಹೊಡೆದು ಏನೂ ಕಾಣುವುದಿಲ್ಲ, ಎದುರು ಗೋಡೆಗೆ ಹಾಕಿಕೊಳ್ಳಿ.

ಅಂಗಡಿಯವರಿಗೆ ಯಾನಂ ವಿಷಯ ಹೇಳಿದೆ. ಅವರು ಅಚ್ಚು ಹಾಕುವವರಿಗೆ ತಿಳಿಸುತ್ತೇನೆ ಅಂತ ಗಲ್ಲಾಪೆಟ್ಟಿಗೆಯ ಪುಸ್ತಕದಲ್ಲಿ ಬರೆದುಕೊಂಡರು. ಕರ್ನಾಟಕದ ಜಿಲ್ಲಾ ನಕ್ಷೆಯೂ ಬೇಕು ಅಂದೆ. ಜಿಲ್ಲೆ ಒಡೆಯುವುದಕ್ಕೆ 3ನೇ ವಿಧಿ ಬೇಕಿಲ್ಲ, ರಾಜ್ಯ ಸರ್ಕಾರವೇ ಕಂದಾಯ ಕಾಯ್ದೆಯಡಿ ಮಾಡುತ್ತದೆ, ಹಾಗಾಗಿ ಅದು ಇನ್ನೂ ಬೇಗ ಹಳತಾಗುತ್ತದೆ. ಅವರ ಹತ್ತಿರ ಇದ್ದದ್ದರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿತ್ತು, ಆದರೆ ವಿಜಯನಗರ ಇನ್ನೂ ಬಳ್ಳಾರಿಯಲ್ಲೇ ಇತ್ತು. ಅವರೇ ಸುತ್ತಿ ಒಳಗಿಟ್ಟು, “ಇದು ಬೇಡಮ್ಮ, ಹೊಸದು ಬಂದ್ಮೇಲೆ ಫೋನ್ ಮಾಡ್ತೀನಿ” ಅಂದರು. ನಂಬರ್ ಕೊಟ್ಟು ಬಂದಿದ್ದೇನೆ.